ಶಾಶ್ವತವಾಗಿ ಅಳಿಸು

ಫೆಬ್ರುವರಿ ಎಂಟು, ರವಿವಾರ. ಬೆಳಿಗ್ಗೆ ಆರೂಕಾಲಿಗೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ತಾರೀಖು, ಹೊತ್ತು ಹಾಕದೆ ಬರೆದರೆ ನನಗೆ ಬರೆದಂತೆಯೇ ಅನಿಸುವುದಿಲ್ಲ. ಈ ಚಟಕ್ಕೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಹಾಲಿನವನು ತಪ್ಪಿಸಿದ ದಿನಗಳು, ನಳಕ್ಕೆ ನೀರು ಬಂದ ದಿನಗಳು, ನಾನು ಸಿಟ್ಟಿಗೆದ್ದ ದಿನಗಳು, ಎಲ್ಲಕ್ಕೂ ಗೀಟು ಹಾಕಿ ಲೆಕ್ಕ ಇಡುತ್ತೇನೆ. ನೀರು ಬಂದ ದಿನಗಳಿಗಿಂತ ಸಿಟ್ಟಿನ ದಿನಗಳೇ ಹೆಚ್ಚು. ಬೆಟಗೇರಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವತ್ತಿನ ಸಿಟ್ಟಿಗೆ ಕಾರಣ ಒಂದು ಬಟ್ಟೆಯ ಚೀಲ. ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ, ಬಾಯಿಯಿಂದ ಮೆಂತ್ಯೆ ಸೊಪ್ಪಿನ ಕಟ್ಟು ಇಣುಕುತ್ತಿದೆ. ಚೀಲದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಜಾಲ ಎಲ್ಲರದು’ ಎಂದು ಅಚ್ಚಾಗಿದೆ. ಅವ್ವನಿಗೆ ಆ ಚೀಲ ಬಹಳ ಸೇರಿದೆ. “ಹೊಲಿಗಿ ಗಟ್ಟಿ ಐತಿ. ಇನ್ನೊಂದು ಕೇಳಿ ತರಬೇಕಿಲ್ಲೇನು?” ಎಂದು ನಿನ್ನೆ ಸಂತೆಯಿಂದ ಬಂದವಳೇ ಕೇಳಿದಳು. ನನಗೆ ಅದನ್ನು ಒಲೆಗೆ ಹಾಕುವ ಮನಸ್ಸಾಗಿತ್ತು. ಮೆಂತ್ಯೆ ಸೊಪ್ಪಿನ ಮುಖ ನೋಡಿ ಸುಮ್ಮನಾದೆ.

ಚೀಲ ಬಂದದ್ದು ಹೋದ ತಿಂಗಳು ಗದುಗಿನಲ್ಲಿ ನಡೆದ ಒಂದು ಸಮ್ಮೇಳನದಿಂದ. ನನ್ನ ಕೆಲಸ ಒಂದು ಮುದ್ರಣದ ಅಂಗಡಿಯಲ್ಲಿ, ಲಗ್ನಪತ್ರಿಕೆ ಜೋಡಿಸುವುದು. ಲಗ್ನ ಇಲ್ಲದ ದಿನಗಳಲ್ಲಿ ಅಂಗಡಿಕಾರರಿಗೆ ಜಾಲತಾಣ ಕಟ್ಟಿಕೊಡುತ್ತೇನೆ. ಅದಕ್ಕೆ ಬಳಸುವುದು ಮುಕ್ತ ತಂತ್ರಾಂಶ. ಮುಕ್ತ ಎಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು. ಊರೂರಿನ ಜನ ಸಂಬಳವಿಲ್ಲದೆ ಕೂಡಿ ಕಟ್ಟಿದ್ದು. ಅದರ ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದವರೂ ಹಾಗೆ ಸಂಬಳವಿಲ್ಲದೆ ದುಡಿದವರೇ. ಇದನ್ನೆಲ್ಲ ನಾನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿನ ನಡುವೆ ಹೇಳಲು ಮರೆತರೆ ಅನ್ಯಾಯವಾದೀತು. ಅವರ ಕೆಲಸ ದೊಡ್ಡದು. ನನ್ನ ಸಿಟ್ಟೂ ಸಣ್ಣದಲ್ಲ.

ಇನ್ನು ಚಿಗವ್ವನ ವಿಚಾರ. ಚಿಗವ್ವ ಎಂದರೆ ಅವ್ವನ ತಂಗಿ ನೀಲವ್ವ. ಇರುವುದು ಲಕ್ಷ್ಮೇಶ್ವರದಲ್ಲಿ. ಅವಳ ಗಂಡ, ನಮ್ಮ ಕಾಕಾನದು ಅಲ್ಲಿ ಕಾಳಿನ ವ್ಯಾಪಾರ. ಚಿಗವ್ವ ಏಳನೆಯ ಇಯತ್ತೆಯವರೆಗೆ ಓದಿದವಳು, ಮನೆಯಲ್ಲಿ ಹಿಂಡಿ ಮಾಡಿ ಮಾರುತ್ತಾಳೆ. ಬೆಂಗಳೂರು, ಮೈಸೂರು ಕಡೆಯ ಓದುಗರು ಇಲ್ಲಿ ಗಾಬರಿಯಾಗಬಾರದು. ನಮ್ಮ ಕಡೆ ಹಿಂಡಿ ಎಂದರೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಚಟ್ನಿಪುಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ನೀವು ದನಗಳಿಗೆ ಹಾಕುವ ಹಿಂಡಿ ಬೇರೆ.

ಎರಡು ವರ್ಷದ ಹಿಂದೆ ಅವಳಿಗೊಂದು ಜಾಲತಾಣ ಮಾಡಿಕೊಟ್ಟೆ. ಹಿಂಡಿಯ ಹೆಸರು, ದರ, ಫೋನ್ ನಂಬರು, ಅಷ್ಟೇ. ಒಂದು ಪುಟ ಖಾಲಿ ಉಳಿಯಿತು. “ಇಲ್ಲಿ ನಿನ್ನ ಬಗ್ಗೆ ಏನರ ಬರಿ ಚಿಗವ್ವ,” ಎಂದೆ. ಎರಡು ಸಾಲು ಬರೆದಾಳು ಎಂದುಕೊಂಡಿದ್ದೆ. ಅವಳು ನಿಲ್ಲಲೇ ಇಲ್ಲ. ಮಧ್ಯಾಹ್ನ ಊಟವಾಗಿ ಓಣಿ ಮಲಗಿದಾಗ ಕನ್ನಡಕ ಏರಿಸಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಲ್ಲಿ ಬರೆಯುತ್ತಿದ್ದಳು. ಫೋನಿನ ಪರದೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಿಕೊಟ್ಟವಳು ನಾನೇ. ಇಂಗ್ಲಿಷ್ ಅವಳಿಗೆ ಬಾರದು.

ಹಿಂಡಿಯ ಬಗ್ಗೆಯೇ ಬರೆದಳು, ಆದರೆ ಹಿಂಡಿಯೊಂದನ್ನೇ ಅಲ್ಲ. ನನಗೆ ನೆನಪಿರುವ ಒಂದು ಸಾಲು: ‘ಗುರೆಳ್ಳು ಹುರಿಯುವಾಗ ಯಾರು ಮಾತಾಡಿಸಿದರೂ ಉತ್ತರ ಕೊಡಬಾರದು. ನಮ್ಮ ನೆಗೆಣ್ಣಿ ಉತ್ತರ ಕೊಟ್ಟಳು, ಅವತ್ತು ಇಡೀ ಓಣಿ ಕೆಮ್ಮಿತು.’ ನೆಗೆಣ್ಣಿ ಅಂದರೆ ಕಾಕಾನ ಅಣ್ಣನ ಹೆಂಡತಿ. ಅವರಿಬ್ಬರೂ ಆಮೇಲೆ ಎಷ್ಟು ದಿನ ಮಾತು ಬಿಟ್ಟಿದ್ದರು, ಮಾತು ಬಿಟ್ಟ ಕಾಲದಲ್ಲಿ ಹಿಂಡಿ ಹೇಗೆ ಚೆನ್ನಾಗಿ ಹದಗೊಂಡಿತು ಎಂಬುದೂ ಅಲ್ಲಿತ್ತು. ಅತ್ತೆ ಬಳ್ಳೊಳ್ಳಿಯ ಎಸಳನ್ನು ಎಣಿಸಿ ಕೊಡುತ್ತಿದ್ದುದು ಇತ್ತು. ಶಿಗ್ಲಿಯ ಬೀಗರು ಅಗಸಿ ಹಿಂಡಿ ತಿಂದು ಏನೂ ಮಾತಾಡದೆ ಎದ್ದುಹೋದದ್ದು, ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಇವರೆಲ್ಲ ಒಂದು ವಾರ ತಲೆ ಕೆಡಿಸಿಕೊಂಡದ್ದು ಇತ್ತು. ಮುಂಡರಗಿಯಿಂದ ಯಾರೋ ಒಬ್ಬರು ಕೆಳಗೆ, ‘ಅಕ್ಕಾ, ನಮ್ಮತ್ತೀನೂ ಹಿಂಗ ಎಣಿಸತಿದ್ರು’ ಎಂದು ಬರೆದಿದ್ದರು. ಚಿಗವ್ವ ಅದನ್ನು ಬಂದವರಿಗೆಲ್ಲ ಓದಿ ತೋರಿಸಿದಳು. ಕಾಕಾ, “ಹಿಂಡಿ ಕಡಿಮಿ ಆತು, ಕಥಿ ಜಾಸ್ತಿ ಆತು,” ಎಂದು ಕಾಡಿಸುತ್ತಿದ್ದ. ಆದರೆ ಅಂಗಡಿಯಲ್ಲಿ ಕುಳಿತು ಎಲ್ಲವನ್ನೂ ಓದುತ್ತಿದ್ದ. ಅದು ಹೇಗೆ ಗೊತ್ತಾಯಿತು ಎಂದರೆ, ತನ್ನ ತಾಯಿಯ ಬಳ್ಳೊಳ್ಳಿಯ ಸುದ್ದಿ ಬಂದ ದಿನ ಊಟ ಮಾಡಲಿಲ್ಲ.

ಇಲ್ಲಿ ಪಾಟಿಯ, ಅಂದರೆ ಸ್ಲೇಟಿನ, ಮಾತು ಬರುತ್ತದೆ. ನಾನು ಕಲಿತದ್ದು ಬೆಟಗೇರಿಯ ಸರಕಾರಿ ಶಾಲೆಯಲ್ಲಿ. ಅಂಕಿ ಬರೆದು ತೋರಿಸಿದ ಮೇಲೆ ಅಕ್ಕೋರು, “ಪಾಟಿ ಒರಸ್ರಿ,” ಎನ್ನುತ್ತಿದ್ದರು. ಎಲ್ಲರೂ ಅಂಗೈಗೆ ಉಗುಳು ಹಚ್ಚಿ ಒರೆಸುತ್ತಿದ್ದರು. ನಾನು ಒರೆಸುತ್ತಿರಲಿಲ್ಲ. ಅಕ್ಕೋರು ಸರಿ ಎಂದು ಹಾಕಿದ ಗುರುತು ಹೋಗಿಬಿಟ್ಟರೆ ಸರಿಯಿತ್ತು ಎನ್ನುವುದಕ್ಕೆ ಸಾಕ್ಷಿ ಏನು? ಆ ಪಾಟಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು, ಮುಂದಿನ ಲೆಕ್ಕವನ್ನು ನೆಲದ ಮೇಲೆ ಮಾಡಿ ಬೈಸಿಕೊಂಡಿದ್ದೇನೆ. ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನಾವು ಬಳಸುತ್ತಿದ್ದ ಪದ ‘ಒರೆಸು’. ‘ಅಳಿಸು’ ಎಂಬ ಪದ ನಮ್ಮ ಮನೆಯಲ್ಲಿ ಕೇಳಿಬರುತ್ತಿದ್ದುದು ಒಂದೇ ಪ್ರಸಂಗದಲ್ಲಿ: “ಯಾಕ ಅಕಿನ್ನ ಅಳಸ್ತೀ?” ಎಂದು ಅವ್ವ ನನಗೆ ಕೇಳುವಾಗ, ಹಿಂದೆ ತಂಗಿ ಬಾಯಿ ತೆರೆದು ಅಳುತ್ತಿರುವಾಗ.

ಈಗ ಫೋನಿನ ಪರದೆ ನೋಡಿ. ಬರೆದದ್ದನ್ನು ಕಾಯ್ದಿಡುವ ಗುಂಡಿಗೆ ಹೆಸರು ‘ಉಳಿಸು’. ಕಿತ್ತೆಸೆಯುವ ಗುಂಡಿಗೆ ಹೆಸರು ‘ಅಳಿಸು’. ಮೊದಲಕ್ಷರ ಬಿಟ್ಟರೆ ಎರಡೂ ಒಂದೇ. ಜೋಳದ ಕಾಳಿನಷ್ಟು ಗಾತ್ರ. ಇಂಗ್ಲಿಷಿನಲ್ಲಿ ಈ ಎರಡು ಮಾತುಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತಿರುತ್ತವೆ, ಯಾರೂ ಎಡವುವುದಿಲ್ಲ. ಕನ್ನಡದಲ್ಲಿ ಬಳಸುವವರಿಗೆ ಮಾತ್ರ ತೋಡಿಟ್ಟ ತಗ್ಗು ಇದು.

ಹೋದ ದೀಪಾವಳಿಗೆ ಕಾಕಾ ಹೊಸ ಫೋನ್ ತರುತ್ತೇನೆ, ಹಳೆಯದನ್ನು ಕೊಟ್ಟುಬಿಡೋಣ ಎಂದ. ಚಿಗವ್ವನಿಗೆ ತಾನು ಬರೆದದ್ದು ಹಳೆಯ ಫೋನಿನೊಳಗೇ ಇದೆ, ಅದರ ಜೊತೆ ಹೊರಟುಹೋಗುತ್ತದೆ ಎಂಬ ಭಯ. ಹಾಗಲ್ಲ ಎಂದು ನನಗೊಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ಲಗ್ನದ ಸುಗ್ಗಿಯಲ್ಲಿ ನನಗೆ ತೊಂದರೆ ಕೊಡಬಾರದೆಂದು ತಾನೇ ಕುಳಿತಳು. ಒಂದೊಂದೇ ಬರಹದ ಪಕ್ಕದ ಚೌಕಕ್ಕೆ ಗುರುತು ಹಾಕಿದಳು. ಎಲ್ಲವನ್ನೂ ಭದ್ರ ಮಾಡಬೇಕೆಂದು ಗುಂಡಿ ಒತ್ತಿದಳು. ಒತ್ತಿದ್ದು ‘ಅಳಿಸು’.

ಬರಹಗಳು ಮಾಯವಾದವು. ಗಾಬರಿಯಾಗಿ ಹುಡುಕಿದಳು. ಒಂದು ಮೂಲೆಯಲ್ಲಿ ಸಿಕ್ಕವು. ಆ ಮೂಲೆಯ ಹೆಸರು ‘ಬುಟ್ಟಿ’. ಕನ್ನಡಕ್ಕೆ ತಂದವರ ಮನಸ್ಸಿನಲ್ಲಿ ಇದ್ದದ್ದು ಕಸದ ಬುಟ್ಟಿ, ಉದ್ದವಾಯಿತೆಂದು ಕಸ ಬಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಬುಟ್ಟಿ ಎಂದರೆ ರೊಟ್ಟಿಬುಟ್ಟಿ. ಬಡಿದ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಮುಚ್ಚುತ್ತೇವೆ. ತನ್ನ ಬರಹಗಳೆಲ್ಲ ಬುಟ್ಟಿಯಲ್ಲಿ ಇರುವುದನ್ನು ಕಂಡು ಚಿಗವ್ವನಿಗೆ ಸಮಾಧಾನವಾಯಿತು. ಬುಟ್ಟಿಯೊಳಗೆ ಎರಡೇ ಗುಂಡಿ. ಒಂದು ‘ಮರಳಿಸು’. ಅಲ್ಲಿಂದ ತಿರುಗಿ ತರುವುದು ಎಂದು ಅದರ ಅರ್ಥ. ಎಸರು ಮರಳಿತೇ ಎಂದು ದಿನಾ ಕೇಳುವ ಹೆಂಗಸಿಗೆ ಅದು ಕುದಿಸು ಎಂದು ಕಂಡರೆ ತಪ್ಪೇ? ಬರಹವನ್ನು ಕುದಿಸುವುದು ಹೇಗೆ ಎಂದು ಅವಳು ಅದನ್ನು ಬಿಟ್ಟಳು. ಇನ್ನೊಂದು ಗುಂಡಿ ಇತ್ತು. ಅದರ ಮೇಲೆ ಅವಳು ಓದಿದ್ದು ‘ಶಾಶ್ವತವಾಗಿ ಉಳಿಸು’ ಎಂದು.

ಯಾರು ಒತ್ತುವುದಿಲ್ಲ ಹೇಳಿ. ಖಚಿತವೇ ಎಂದು ಕೇಳಿತು. ಖಚಿತವೇ ಎಂದಳು.

ನನಗೆ ಹೇಳಿದ್ದು ಮೂರು ವಾರದ ಮೇಲೆ, ಅವ್ವನನ್ನು ನೋಡಲು ಬೆಟಗೇರಿಗೆ ಬಂದಾಗ. ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, ಬೇರೆ ಯಾರದೋ ಸುದ್ದಿಯೆಂಬಂತೆ ಕೇಳಿದಳು.

“ಸುಮಾ, ಶಾಶ್ವತ ಅಂದ್ರ ಎಷ್ಟ ದಿನ?”

“ಯಾಕ?”

“ಶಾಶ್ವತ ಅಂತ ಒತ್ತೀನಿ. ಈಗ ನೋಡಿದ್ರ ಏನೂ ಇಲ್ಲ.”

ತೆಗೆದು ನೋಡಿದೆ. ಏನೂ ಇರಲಿಲ್ಲ. ಬಲ್ಲವರು ಈಗ ಕೇಳುವ ಪ್ರಶ್ನೆ ನನಗೆ ಗೊತ್ತು. ಸಮ್ಮೇಳನದಲ್ಲೂ ಎಲ್ಲರೂ ಅದನ್ನೇ ಕೇಳಿದರು. ಹೌದು, ಬ್ಯಾಕಪ್ ಇತ್ತು. ವಾರಕ್ಕೊಮ್ಮೆ ತಾನಾಗಿ ಪ್ರತಿ ತೆಗೆಯುತ್ತಿತ್ತು, ಹಳೆಯ ಪ್ರತಿಯ ಮೇಲೆ ಹೊಸದನ್ನು ಇಡುತ್ತಿತ್ತು. ಅವಳು ಒತ್ತಿದ ವಾರವೇ ಬಾಯಿ ಬಿಟ್ಟಿದ್ದರೆ ಎಲ್ಲವೂ ಸಿಗುತ್ತಿತ್ತು. ಮೂರು ವಾರದಲ್ಲಿ ಖಾಲಿಯ ಮೇಲೆ ಖಾಲಿ ಕುಳಿತಿತ್ತು.

“ಅವಾಗ ಯಾಕ ಹೇಳಲಿಲ್ಲ ಚಿಗವ್ವ?”

“ಏನಂತ ಹೇಳ್ಲಿ? ಏಳನೇತ್ತಾ ಕಲ್ತಾಕಿಗೆ ಎರಡ ಅಕ್ಷರ ಓದಾಕ ಬರಲಿಲ್ಲ ಅಂತನ? ನಿಮ್ಮ ಕಾಕಾ ಊರ ತುಂಬ ಹೇಳ್ಯಾನ, ನನ್ನ ಹೆಂಡ್ತಿ ಬರೀತಾಳ ಅಂತ.”

ನನಗೆ ಸಿಟ್ಟು ಬಂದದ್ದು ಆಗ. ಬರಹ ಹೋದದ್ದಕ್ಕಿಂತ ಹೆಚ್ಚಾಗಿ, ಅವಳು ಮೂರು ವಾರ ನಾಚಿಕೊಂಡು ಕುಳಿತದ್ದಕ್ಕೆ. ಎರಡು ಗುಂಡಿಗೆ ಒಂದೇ ಮುಖ ಕೊಟ್ಟವರು ಯಾರೋ, ನಾಚಿಕೊಂಡವಳು ಇವಳು. ಅಂದಿನಿಂದ ಅವಳು ಒಂದು ಸಾಲೂ ಬರೆದಿಲ್ಲ. “ನನಗ ಅದು ಹೊಂದೂದಿಲ್ಲ ಬಿಡ,” ಎನ್ನುತ್ತಾಳೆ, ಬೇರೆಯವರ ಕಾಲಿನ ಚಪ್ಪಲಿಯ ಬಗ್ಗೆ ಹೇಳುವಂತೆ.

ಅವತ್ತೇ ಕುಳಿತು ಕನ್ನಡ ತಂಡದವರಿಗೆ ಸಲಹೆ ಕಳಿಸಿದೆ. ‘ಅಳಿಸು’ ಎಂಬುದನ್ನು ‘ತೆಗೆದುಹಾಕು’ ಎಂದು ಮಾಡಿ, ಕಾರಣ ಇದು. ಎರಡು ದಿನಕ್ಕೆ ಉತ್ತರ: ‘ತಿರಸ್ಕೃತ. ಈಗಿರುವ ಪದ ಸರಿಯಾಗಿದೆ.’ ಮತ್ತೆ ಕಳಿಸಿದೆ. ‘ತಿರಸ್ಕೃತ. ಗುಂಡಿಯಲ್ಲಿ ಹಿಡಿಸುವುದಿಲ್ಲ.’ ಮೂರನೆಯದಕ್ಕೆ ಉತ್ತರವೇ ಇಲ್ಲ. ಅಷ್ಟರಲ್ಲಿ ಈ ತಂತ್ರಾಂಶದವರ ಸಮ್ಮೇಳನ ಗದುಗಿಗೇ ಬರುತ್ತಿದೆ, ಕನ್ನಡ ತಂಡದ ಪರಿಶೀಲಕರೂ ಬರುತ್ತಾರೆ ಎಂದು ತಿಳಿಯಿತು. ಯಾವ ಪದ ಇರಬೇಕು, ಯಾವುದು ಬಾರದು ಎಂದು ಕೊನೆಯ ಮಾತು ಹೇಳುವವರು ಅವರೇ. ಎರಡು ಹೆಸರು ನೋಂದಾಯಿಸಿದೆ.

“ನಾ ಬಂದೇನ ಮಾಡ್ಲಿ?” ಎಂದಳು ಚಿಗವ್ವ.

“ಕುಂಡ್ರು. ನಿನ್ನ ನೋಡಿದ್ರ ಸಾಕು ಅವ್ರು.”

“ಏನ್ ಹೆಣ್ಣ ನೋಡಾಕ ಬರ್ತಾರನ?” ಎಂದಳು. ಆದರೆ ಬಂದಳು, ಇಳಕಲ್ ಸೀರೆ ಉಟ್ಟುಕೊಂಡು.

ಸಮ್ಮೇಳನ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನ ಅಲ್ಲಿ ಲಗ್ನವಾಗಿತ್ತು, ಅದರ ಪತ್ರಿಕೆ ನಾನೇ ಜೋಡಿಸಿದ್ದು. ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ಮದುಮಕ್ಕಳ ಸಿಂಹಾಸನದಂಥ ಎರಡು ಕೆಂಪು ಕುರ್ಚಿಗಳಲ್ಲಿ ಭಾಷಣಕಾರರು ಕುಳಿತು ಮಾಹಿತಿ ಭದ್ರತೆಯ ಬಗ್ಗೆ ಮಾತಾಡಿದರು. ಅಕ್ಷತೆ ಕಾಳು ಇಲ್ಲೊಂದು ಅಲ್ಲೊಂದು ಬಿದ್ದಿದ್ದವು. ಬಾಗಿಲಲ್ಲಿ ಕೊರಳಿಗೆ ಹಾಕುವ ಪಟ್ಟಿ, ಈ ಹಾಳು ಚೀಲ, ಒಂದು ಟೀ ಶರ್ಟು ಕೊಟ್ಟರು. ಟೀ ಶರ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿ ಚಿಗವ್ವ, “ಲಗ್ನದ ಆಹೇರಿ ಮಾಡಾಕತ್ತಾರ ಸುಮಾ, ನಾವೇನೂ ತಂದಿಲ್ಲಲ್ಲ,” ಎಂದಳು.

ಕನ್ನಡದ ಗೋಷ್ಠಿ ಹನ್ನೊಂದಕ್ಕೆ. ನಡೆದದ್ದು ಇಂಗ್ಲಿಷಿನಲ್ಲಿ. ಪರಿಶೀಲಕರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಪರದೆಯ ಮೇಲೆ ಅನುವಾದದ ಲೆಕ್ಕ ತೋರಿಸುವ ಹಸಿರು ಪಟ್ಟಿಯೊಂದು ಕೊನೆಮುಟ್ಟ ಬೆಳೆದು ನಿಂತಿತು, ಸಭೆ ಚಪ್ಪಾಳೆ ತಟ್ಟಿತು.

“ಏನಂತಾನ?” ಎಂದಳು ಚಿಗವ್ವ.

“ಕನ್ನಡ ಪೂರಾ ಆಗೇತಂತ.”

“ಪೂರಾ ಆತಂದ್ರ? ಮುಗೀತನ?”

ಮುಂದಿನ ಸಾಲಿನವರು ತಿರುಗಿ ನೋಡಿದರು. ಪರಿಶೀಲಕರು ‘ಸಮುದಾಯ’ ಎಂಬುದಕ್ಕಿರುವ ಇಂಗ್ಲಿಷ್ ಮಾತನ್ನು ಹೇಳಿದಾಗಲೆಲ್ಲ ನಾನು ಚೀಲದ ಒಳಮೈಗೆ ಪೆನ್ನಿನಿಂದ ಗೀಟು ಹಾಕುತ್ತಿದ್ದೆ. ನಡುವೆ ಬಿಟ್ಟೆ, ಮಾತಿನ ವೇಗಕ್ಕೆ ಪೆನ್ನು ಸಾಲಲಿಲ್ಲ.

ಪ್ರಶ್ನೆಯ ಹೊತ್ತಿಗೆ ಮೈಕು ಹಿಡಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು ಒಂದೂ ಬರಲಿಲ್ಲ. ಆದರೂ ನಡೆದದ್ದನ್ನು ನಡೆದಂತೆ ಹೇಳಿದೆ. ಉಳಿಸು, ಅಳಿಸು, ಬುಟ್ಟಿ, ಮರಳಿಸು. ಮರಳಿಸು ಎಂಬಲ್ಲಿ ಸಭೆ ನಕ್ಕಿತು. ಪರಿಶೀಲಕರೂ ನಕ್ಕರು. ಆಮೇಲೆ ಕನ್ನಡಕ್ಕೆ ಬಂದರು.

“ನೋಡಿ, ನಿಮ್ಮ ಸಲಹೆ ನೋಡಿದೀನಿ. ಉಳಿಸು, ಅಳಿಸು ಎರಡೂ ಒಳ್ಳೆ ಕನ್ನಡ ಪದಗಳೇ. ಅಕ್ಷರ ಬೇರೆ ಇದೆಯಲ್ಲ? ಓದಿದ್ರೆ ಗೊತ್ತಾಗತ್ತೆ. ಆಂಟಿ ಅವತ್ತು ಕನ್ನಡಕ ಹಾಕ್ಕೊಂಡಿದ್ರಾ?”

ಮತ್ತೆ ನಗು. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಕುಳಿತಲ್ಲಿಂದಲೇ ಹೇಳಿದಳು, ಮೈಕು ಬೇಕಾಗಲಿಲ್ಲ: “ಹಾಕ್ಕೊಂಡಿದ್ದೆರೀ. ಕನ್ನಡಕ ನಂದ ಇತ್ತು. ಕನ್ನಡ ನಿಮ್ದಿತ್ತು.”

ಈಗ ಎಲ್ಲರೂ ಮೊದಲಿಗಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ಪರಿಶೀಲಕರೂ ತಟ್ಟಿದರು. ಯಾರೋ ಒಬ್ಬರು, “ಆಂಟಿ, ಇನ್ನೊಂದ್ಸಲ ಹೇಳಿ, ವಿಡಿಯೋ ಮಾಡ್ಕೋತೀನಿ,” ಎಂದರು. ಚಿಗವ್ವನ ಮುಖ ನೋಡಿದೆ. ಅವಳು ನಗೆಮಾತು ಹೇಳಿರಲಿಲ್ಲ. ಮೂರು ವಾರ ಯಾರಿಗೂ ಹೇಳದೆ ಹೊತ್ತುಕೊಂಡದ್ದನ್ನು ಅಷ್ಟು ಜನರ ನಡುವೆ ಹೇಳಿದ್ದಳು, ಅವರು ಅದನ್ನು ಮನರಂಜನೆ ಮಾಡಿಕೊಂಡರು. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಕೇಳಿದೆ: “ಇಲ್ಲಿ ಕುಂತವರೊಳಗ ಈ ತಂತ್ರಾಂಶ ಕನ್ನಡದಾಗ ಬಳಸೋರು ಯಾರ್ರೀ? ಕೈ ಎತ್ರಿ.”

ಎಲ್ಲರೂ ಅಕ್ಕಪಕ್ಕ ನೋಡಿದರು. ಎದ್ದದ್ದು ಒಂದೇ ಕೈ, ನನ್ನ ಪಕ್ಕದ ಹಸಿರು ಬಳೆಗಳದು. ವೇದಿಕೆಯ ಮೇಲಿಂದಲೂ ಯಾರ ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ. ನಾನೂ ಕೆಲಸಕ್ಕೆ ಇಂಗ್ಲಿಷಿನದನ್ನೇ ಇಟ್ಟುಕೊಂಡವಳು.

ಇಷ್ಟಾದ ಮೇಲೆ ಏನಾದರೂ ಆದೀತು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ಪರಿಶೀಲಕರು, “ಒಳ್ಳೆ ಪಾಯಿಂಟು. ಊಟಕ್ಕೆ ಸಿಗಿ,” ಎಂದರು.

ಊಟಕ್ಕೆ ಪಲಾವ್, ಮೊಸರನ್ನ. ಚಿಗವ್ವ ಮನೆಯಿಂದ ತಂದ ರೊಟ್ಟಿ, ಹಿಂಡಿಯ ಗಂಟು ಬಿಚ್ಚಿದಳು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ತರುಣನೊಬ್ಬ ಅವಳ ಜಾಲತಾಣದ ಹೆಸರು ಕೇಳಿ, “ಹಿಂಡಿನಾ? ದನಕ್ಕೆ ಹಾಕ್ತಾರಲ್ಲ, ಅದು?” ಎಂದ.

“ಹೌದ್ರೀ,” ಎಂದಳು ಚಿಗವ್ವ. “ಹಾಕ್ಲೇನು ನಿಮಗೂ ಸ್ವಲ್ಪ?”

ಅವನು ತಿಂದ. ಎರಡನೆಯ ಸಲವೂ ಹಾಕಿಸಿಕೊಂಡ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಪರಿಶೀಲಕರು ಬಂದರು. ಎದುರಿಗೆ ಸಿಕ್ಕಾಗ ಅವರು ಸಭ್ಯರೇ. ನನ್ನ ಸಿಟ್ಟಿಗೆ ಅದೂ ಒಂದು ತೊಂದರೆ. ರಾತ್ರಿ ನಿದ್ದೆಗೆಟ್ಟು ಈ ಕೆಲಸ ಮಾಡುತ್ತೇನೆ, ಒಂದು ಪದ ಬದಲಿಸಿದರೆ ನೂರು ಕಡೆ ಬದಲಾಗಬೇಕು, ಇವತ್ತು ಗದಗಿನವರು ಬೇಡ ಎಂದದ್ದನ್ನು ನಾಳೆ ಮಂಗಳೂರಿನವರು ಬೇಕು ಎನ್ನುತ್ತಾರೆ ಎಂದರು. ಎಲ್ಲವೂ ನಿಜವೇ ಇರಬಹುದು.

“ನೋಡಿ,” ಎಂದರು, “ಒಬ್ಬರಿಗೆ ಆದ ತೊಂದರೆ ಇಟ್ಕೊಂಡು ಎಲ್ಲರ ಪದ ಬದಲಾಯಿಸಕ್ಕಾಗಲ್ಲ. ಬೇರೆಯವರಿಗೂ ಹೀಗೆ ಆಗಿದೆ ಅಂತ ತೋರಿಸಿ, ಆಗ ಸಮುದಾಯದ ಮುಂದೆ ಇಡ್ತೀನಿ. ಅಲ್ಲೀವರೆಗೆ ಇದು ಬಳಕೆದಾರರ ತಪ್ಪು ಅಂತಲೇ ಆಗತ್ತೆ. ಬೇಜಾರ್ ಮಾಡ್ಕೋಬೇಡಿ.”

“ಬಳಸೋರು ಒಬ್ರ ಅದಾರ ಸರ್. ಆ ಒಬ್ರಿಗೇ ಆಗೇತಿ,” ಎಂದೆ. “ಅಂದ್ರ ಎಲ್ಲಾರಿಗೂ ಆದಂಗ ಆತಲ್ರೀ.”

ಅವರು ನಕ್ಕರು. ಅವತ್ತು ಯಾರು ಏನು ಹೇಳಿದರೂ ನಗುತ್ತಿದ್ದರು.

ಸಂಜೆ ಚಿಗವ್ವನನ್ನು ಬಿಟ್ಟುಬರಲು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮುಳಗುಂದ ದಾಟಿತು. ಆಮೇಲೆ ಅವಳೇ ಶುರು ಮಾಡಿದಳು.

“ಅವನ ಜಾಗಾದಾಗ ನೀ ಇದ್ರ ಏನಂತ ಬರೀತಿದ್ದಿ?”

“ತೆಗೆದುಹಾಕು.”

“ಅದು ನಿಮ್ಮ ಛಪಾಯಿ ಅಂಗಡಿ ಮಂದಿ ಮಾತು. ‘ತಗದ ಒಗಿ’ ಅಂತ ಬರಿಬೇಕು. ಯಾರಿಗೂ ಗೊಂದಲ ಇಲ್ಲ.”

“ಬೆಂಗಳೂರಾಗ ಒಗಿ ಅಂದ್ರ ಅರಿವಿ ಒಗಿಯೂದು ಚಿಗವ್ವ. ತೊಳ್ಕೊಡ್ತಾರ ಅಂತ ಒತ್ತತಾರ.”

ಆ ದಿನ ಅವಳು ನಕ್ಕದ್ದು ಅದೊಂದೇ ಸಲ. ನಗು ಮುಗಿಯುವ ಮೊದಲೇ ನಾನು ಅವಸರ ಮಾಡಿದೆ. “ನೀ ಹೇಳ್ಕೊಂತ ಹೋಗು, ನಾ ಬರ್ಕೋತೀನಿ. ಅತ್ತಿ ಬಳ್ಳೊಳ್ಳಿ ಎಣಿಸಿದ್ದರಿಂದ ಶುರು ಮಾಡು,” ಎಂದೆ. ಅವಳು ಕಿಟಕಿಯ ಕಡೆ ನೋಡುತ್ತ ಶುರು ಮಾಡಿದಳು. ಅತ್ತೆ ಒಂದು ಹಿಂಡಿಗೆ ಎಷ್ಟು ಎಸಳು ಕೊಡುತ್ತಿದ್ದಳು, ಇವಳು ಹೊಸದಾಗಿ ಬಂದ ಸೊಸೆ ಒಂದು ಎಸಳನ್ನು ಹೇಗೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ನಾಲ್ಕು ಮಾತು ಹೇಳಿ ನಿಲ್ಲಿಸಿದಳು.

“ಹಿಂಗ ಇರಲಿಲ್ಲದು.”

“ಹೆಂಗಿತ್ತು?”

“ಮೊದಲ ಬರದಾಗ ಅತ್ತಿ ಮ್ಯಾಲ ಸಿಟ್ಟೀಲೆ ಶುರು ಮಾಡಿದ್ದೆ. ಬರಿತಾ ಬರಿತಾ ಸಿಟ್ಟ ಹೋಗಿತ್ತು. ಕಡೀಗೆ ಅತ್ತಿ ಕಡೆ ಮಾತಾಡಿದ್ದೆ ನಾ. ಅದೆಂಗ ಆತು ಅಂತ ಈಗ ನನಗ ಗೊತ್ತಿಲ್ಲ. ಈಗ ಹೇಳಿದ್ರ ಬರೇ ಬಳ್ಳೊಳ್ಳಿ ಲೆಕ್ಕ ಆಕ್ಕೇತಿ.” ಕಿಟಕಿಯಿಂದ ನನ್ನ ಕಡೆ ತಿರುಗಿ ಹೇಳಿದಳು, “ಮತ್ತ ನೀ ಬರದ್ರ ಅದು ನಿಂದ ಆಕ್ಕೇತಿ, ನಂದಲ್ಲ.”

“ಹಂಗಾದ್ರ ನೀನ ಬರಿ ಮತ್ತ.”

“ಆ ಗುಂಡಿ ಅಲ್ಲೇ ಐತಿಲ್ಲೋ?”

“ಐತಿ.”

“ಐತಿ ಅಂದ್ರ ನಾ ಹೆಂಗ ಬರೀಲಿ? ಬರಿಯೂಮುಂದ ಕಣ್ಣ ಅದರ ಮ್ಯಾಲ ಇರತೈತಿ. ಹಾವ ಇದ್ದ ಮನ್ಯಾಗ ರೊಟ್ಟಿ ಬಡಿ ಅಂದಂಗ ಆತು.”

ಲಕ್ಷ್ಮೇಶ್ವರದಲ್ಲಿ ಇಳಿದಾಗ ಕಾಕಾ ಬಸ್ ಸ್ಟ್ಯಾಂಡಿಗೆ ಬಂದಿದ್ದ. “ಏನಂದ್ರವಾ ದೊಡ್ಡ ಮಂದಿ?” ಎಂದು ಕೇಳಿದ. “ನಂದ ತಪ್ಪಂತ,” ಎಂದಳು ಚಿಗವ್ವ, ತಕರಾರಿಲ್ಲದೆ. ಕಾಕಾ ಕಾಡಿಸಲಿಲ್ಲ. ಅವಳ ಕೈಯಿಂದ ಗಂಟು ಇಸಿದುಕೊಂಡು ಮುಂದೆ ನಡೆದ.

ಅವಳು ಹಾಗೆ ಒಪ್ಪಿಕೊಂಡುಬಿಟ್ಟದ್ದು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ. ಹೋದವು ಹೋದವು, ಅವು ತಿರುಗಿ ಬರುವುದಿಲ್ಲ. ಆದರೆ ಅವಳಿಗೆ ಇನ್ನೂ ಐವತ್ತು ತುಂಬಿಲ್ಲ, ಹೇಳಬೇಕಾದ್ದು ಬೇಕಾದಷ್ಟಿದೆ. ಒಂದು ಅಕ್ಷರಕ್ಕಾಗಿ ಅವಳು ಸುಮ್ಮನಾಗಿದ್ದಾಳೆ. ಆ ಅಕ್ಷರ ಬದಲಾಗಬೇಕಾದರೆ, ತಪ್ಪಿದವಳು ಅವಳೊಬ್ಬಳೇ ಅಲ್ಲ ಎಂದು ನಾನು ತೋರಿಸಬೇಕಂತೆ. ಅದನ್ನು ಮೊದಲು ತೋರಿಸಬೇಕಾದದ್ದು ಪರಿಶೀಲಕರಿಗಲ್ಲ, ಚಿಗವ್ವನಿಗೆ.

ಆದ್ದರಿಂದ ಕೇಳುತ್ತಿದ್ದೇನೆ. ಕನ್ನಡದ ಪರದೆಯಲ್ಲಿ ಬರೆಯುವವರು ಆ ಸಭೆಯಲ್ಲಿ ಇರಲಿಲ್ಲ, ಆದರೆ ಎಲ್ಲೋ ಇದ್ದೇ ಇರುತ್ತೀರಿ. ಶಿರಹಟ್ಟಿಯಲ್ಲೋ, ಮುಂಡರಗಿಯಲ್ಲೋ, ನನಗೆ ಹೆಸರೂ ಗೊತ್ತಿಲ್ಲದ ಊರಿನಲ್ಲೋ. ಉಳಿಸುತ್ತಿದ್ದೇನೆ ಎಂದುಕೊಂಡು ಅಳಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಕನ್ನಡಕ ಹಾಕಿಕೊಂಡಿದ್ದಿರೋ ಇಲ್ಲವೋ ನಾನು ಕೇಳುವುದಿಲ್ಲ. ಹೆಸರು ಬರೆಯಲು ನಾಚಿಕೆಯಾದರೆ ಹೆಸರೂ ಬೇಡ. ಹೋದದ್ದು ಏನು ಎಂಬುದನ್ನಷ್ಟು ಬರೆಯಿರಿ. ಬಂದ ಕಾರ್ಡುಗಳನ್ನು ನಾನೇ ತೆಗೆದುಕೊಂಡು ಹೋಗಿ ಚಿಗವ್ವನ ಕೈಗೆ ಕೊಡುತ್ತೇನೆ, ಅವಳೇ ಓದಲಿ.